ಅಂಗಸಾಧನೆಗೂ ಬಿಡುವು ಬೇಕು

ನಮ್ಮ ನಾಡಿನ ಅನೇಕ ಭಾಗಗಳಲ್ಲಿ ರೈತನು ಸೋಮವಾರದಂದು ಎತ್ತಿನ ಹೆಗಲಿಗೆ ನೊಗವನ್ನು ಏರಿಸುವುದಿಲ್ಲ. ಅದು ಬಸವಣ್ಣನ ವಾರವೆಂದು ಹಿರಿಯರು ನಡೆಸಿಕೊಂಡು ಬಂದಿರುವ ಕಟ್ಟಳೆ. ಬಿತ್ತನೆಯ ಹದ ಮೀರುತ್ತಿದ್ದರೂ ಈ ಕಟ್ಟಳೆಯನ್ನು ಮುರಿಯಲು ಅವನ ಮನಸ್ಸು ಒಪ್ಪುವುದಿಲ್ಲ. ಇದರಲ್ಲಿ ಭಕ್ತಿಯಿರುವಂತೆ ಅನುಭವದ ವಿವೇಕವೂ ಇದೆ. ವಾರವೆಲ್ಲ ದುಡಿದ ಮೂಕಪ್ರಾಣಿಗೆ ಒಂದು ದಿನದ ಬಿಡುವು ದೊರೆತರೆ ಅದರ ಹೆಗಲಿನ ಬಾವು ಇಳಿಯುವುದು, ತಿಂದ ಮೇವು ಮೈಗೆ ಹತ್ತುವುದು, ಮರುದಿನ ನೇಗಿಲು ಆಳಕ್ಕೆ ಇಳಿಯುವುದು. ಟ್ರ್ಯಾಕ್ಟರುಗಳು ಬಂದು ಎತ್ತುಗಳ ಸಂಖ್ಯೆ ಕಡಮೆಯಾಗಿರುವ ಈ ದಿನಗಳಲ್ಲಿಯೂ ಎತ್ತು ಸಾಕಿರುವ ಅನೇಕ ಮನೆಗಳಲ್ಲಿ ಈ ಪದ್ಧತಿ ಉಳಿದು ಬಂದಿದೆ.

ಎತ್ತಿನ ವಿಷಯದಲ್ಲಿ ಇಷ್ಟು ವಿವೇಕವನ್ನು ತೋರುವ ನಾವು ನಮ್ಮ ಸ್ವಂತ ದೇಹದ ವಿಷಯದಲ್ಲಿ ಅದನ್ನು ಮರೆಯುತ್ತಿದ್ದೇವೆ. ಹಿಂದೆ ಊರಿನ ಗರಡಿಮನೆಯಲ್ಲಿ ದಂಡ, ಬಸ್ಕಿ, ಗದೆಗಳ ಸಾಮು ನಡೆಯುತ್ತಿತ್ತು. ಉಸ್ತಾದರು ಹುಡುಗನ ಮೈಕಟ್ಟನ್ನು ನೋಡಿ ಸಾಮನ್ನು ಹಂತಹಂತವಾಗಿ ಏರಿಸುತ್ತಿದ್ದರು. ಇಂದು ತಾಲ್ಲೂಕು ಕೇಂದ್ರಗಳಲ್ಲಿಯೂ ದೊಡ್ಡ ಹೋಬಳಿಗಳಲ್ಲಿಯೂ ಜಿಮ್ ಎಂದು ಕರೆಯಲ್ಪಡುವ ವ್ಯಾಯಾಮಶಾಲೆಗಳು ತೆರೆದಿವೆ. ಪೊಲೀಸ್ ಅಥವಾ ಸೈನ್ಯದ ಭರ್ತಿಗಾಗಿ ಯುವಕರು ನಸುಕಿನಲ್ಲಿ ಕೆರೆಯ ಏರಿಯ ಮೇಲೆ 1600 ಮೀಟರ್ ಓಟವನ್ನು ಅಭ್ಯಾಸ ಮಾಡುತ್ತಾರೆ. ಇದೆಲ್ಲವೂ ಮೆಚ್ಚತಕ್ಕ ಸಂಗತಿಯೇ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗಗಳು ಹಳ್ಳಿಗಳಿಗೂ ಕಾಲಿಟ್ಟಿರುವಾಗ ವ್ಯಾಯಾಮವು ಎಲ್ಲರಿಗೂ ಅವಶ್ಯಕ. ಆದರೆ ಒಂದು ದಿನವೂ ಬಿಡದೆ, ನೋವಿದ್ದರೂ ನಿಲ್ಲಿಸದೆ, ಜ್ವರವಿದ್ದರೂ ಲೆಕ್ಕಿಸದೆ ಸಾಧನೆ ಮಾಡುವುದೇ ಗಂಡಸುತನವೆಂಬ ಭಾವನೆ ಬೆಳೆಯುತ್ತಿರುವುದು ಮಾತ್ರ ಅಪಾಯಕರ. ಈ ಭಾವನೆಯಿಂದ ದೇಹಕ್ಕೂ ಸಂಸಾರಕ್ಕೂ ಒದಗುವ ಕೇಡನ್ನು, ಅದನ್ನು ತಪ್ಪಿಸುವ ಸುಲಭ ಮಾರ್ಗವನ್ನು ದಂಪತಿಗಳು ಇಬ್ಬರೂ ತಿಳಿದಿರುವುದು ಒಳ್ಳೆಯದು.

ಶಕ್ತಿ ಬೆಳೆಯುವುದು ಯಾವಾಗ?

ಭಾರವನ್ನು ಎತ್ತುತ್ತಿರುವಾಗಲೇ ಮಾಂಸಖಂಡಗಳು ಬೆಳೆಯುವುವೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಆ ಹೊತ್ತಿನಲ್ಲಿ ನಡೆಯುವುದು ಸವೆತ. ನಮ್ಮ ಮಾಂಸಖಂಡಗಳು ಸಹಸ್ರಾರು ಸೂಕ್ಷ್ಮವಾದ ಎಳೆಗಳಿಂದ ರಚಿತವಾಗಿವೆ. ರೂಢಿಗಿಂತ ಹೆಚ್ಚಿನ ಭಾರವನ್ನು ಎತ್ತಿದಾಗ ಈ ಎಳೆಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಹರಿತಗಳು ಉಂಟಾಗುವುವು. ಅವುಗಳಲ್ಲಿ ಸಂಗ್ರಹವಾಗಿದ್ದ ಗ್ಲೈಕೋಜನ್ ಎಂಬ ಇಂಧನವು ಖರ್ಚಾಗುವುದು. ಬೆವರಿನ ಮೂಲಕ ನೀರೂ ಲವಣವೂ ಹೊರಹೋಗುವುವು. ವ್ಯಾಯಾಮಶಾಲೆಯಿಂದ ಹೊರಬರುವ ಮನುಷ್ಯನು ಒಳಹೋಗುವಾಗ ಇದ್ದುದಕ್ಕಿಂತ ಆ ಗಳಿಗೆಯಲ್ಲಿ ದುರ್ಬಲನಾಗಿರುತ್ತಾನೆ.

ದುರಸ್ತಿಯ ಕೆಲಸವು ಆರಂಭವಾಗುವುದು ಅನಂತರ. ತಿಂದ ಆಹಾರದಲ್ಲಿರುವ ಸಸಾರಜನಕವನ್ನು ಬಳಸಿಕೊಂಡು ದೇಹವು ಸವೆದ ಎಳೆಗಳನ್ನು ಮರಳಿ ಕಟ್ಟುವುದು. ಮುಂದೆ ಅಂತಹುದೇ ಭಾರ ಬಂದರೆ ತಡೆದುಕೊಳ್ಳಲೆಂದು ಮೊದಲಿಗಿಂತ ತುಸು ದಪ್ಪವಾಗಿಯೂ ಬಲವಾಗಿಯೂ ಕಟ್ಟುವುದು. ಈ ಕೆಲಸವು ಕಸರತ್ತಿನ ನಂತರ ಸುಮಾರು 24 ರಿಂದ 48 ಗಂಟೆಗಳವರೆಗೆ ಚುರುಕಾಗಿ ನಡೆಯುವುದು. ಖಾಲಿಯಾದ ಇಂಧನವು ತುಂಬಲು, ಹೊಟ್ಟೆತುಂಬ ಉಂಡರೂ, ಸುಮಾರು ಒಂದು ದಿನ ಬೇಕು. ಹೊಸದಾಗಿ ಕಸರತ್ತು ಆರಂಭಿಸಿದವರ ಮೈಕೈ ನೋವು ಮೊದಲ ದಿನಕ್ಕಿಂತ ಎರಡನೆಯ, ಮೂರನೆಯ ದಿನಗಳಲ್ಲಿ ಹೆಚ್ಚಾಗಿರುವುದಕ್ಕೆ ಈ ದುರಸ್ತಿಯ ಕಾರ್ಯವೇ ಕಾರಣ.

ಮನೆಯ ಗೋಡೆಗೆ ಮಣ್ಣು ಮೆತ್ತಿದ ಮೇಲೆ ಅದು ಒಣಗುವ ಮೊದಲೇ ಮತ್ತೊಂದು ಪದರವನ್ನು ಮೆತ್ತಿದರೆ ಎರಡೂ ಕಳಚಿ ಬೀಳುವುವು. ದೇಹದ ವಿಷಯವೂ ಹಾಗೆಯೇ. ದುರಸ್ತಿಯು ಪೂರ್ಣಗೊಳ್ಳುವ ಮೊದಲೇ ಅದೇ ಅಂಗಕ್ಕೆ ಮತ್ತೆ ಮತ್ತೆ ಭಾರವನ್ನು ಕೊಟ್ಟರೆ ಸವೆತವು ಕೂಡುತ್ತ ಹೋಗುವುದೇ ಹೊರತು ಶಕ್ತಿಯು ಕೂಡುವುದಿಲ್ಲ. ಆದುದರಿಂದ ಬಿಡುವು ಎಂಬುದು ಸಾಧನೆಯಲ್ಲಿ ಉಂಟಾದ ಲೋಪವಲ್ಲ, ಅದು ಸಾಧನೆಯದೇ ಒಂದು ಭಾಗ.

ಬಿಡುವು ಎಷ್ಟು, ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗದರ್ಶನದಂತೆ ವಯಸ್ಕರು ವಾರದಲ್ಲಿ 150 ರಿಂದ 300 ನಿಮಿಷಗಳ ಸಾಧಾರಣ ಶ್ರಮವನ್ನು, ಅಥವಾ 75 ರಿಂದ 150 ನಿಮಿಷಗಳ ಕಠಿಣ ಶ್ರಮವನ್ನು ಮಾಡಬೇಕು. ಮಾಂಸಖಂಡಗಳನ್ನು ಬಲಪಡಿಸುವ ವ್ಯಾಯಾಮವನ್ನು ವಾರಕ್ಕೆ 2 ದಿನ ಅಥವಾ ಅದಕ್ಕಿಂತ ಹೆಚ್ಚು ಮಾಡಿದರೆ ಆರೋಗ್ಯಕ್ಕೆ ಬೇಕಾದ ಲಾಭವು ದೊರೆಯುವುದು. ಏಳು ದಿನವೂ ಭಾರ ಎತ್ತಬೇಕೆಂದು ಅದರಲ್ಲಿ ಎಲ್ಲಿಯೂ ಹೇಳಿಲ್ಲ. ಕಸರತ್ತು ಮಾಡುವವರು ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಒಂದೇ ಅಂಗಕ್ಕೆ ಎರಡು ದಿನ ಸತತವಾಗಿ ಕಠಿಣ ಕಸರತ್ತನ್ನು ಕೊಡಬಾರದು. ಇಂದು ಕಾಲುಗಳಿಗೆ ಶ್ರಮವಾದರೆ ನಾಳೆ ತೋಳು, ಎದೆಗಳಿಗೆ ಕೊಡಬಹುದು.

2. ವಾರದಲ್ಲಿ ಒಂದು ದಿನ, ಹೊಸಬರಾದರೆ ಎರಡು ಅಥವಾ ಮೂರು ದಿನ, ಭಾರ ಎತ್ತುವುದನ್ನು ಪೂರ್ಣವಾಗಿ ಬಿಡಬೇಕು. ಬಿಡುವಿನ ದಿನ ಹಾಸಿಗೆಯಲ್ಲಿಯೇ ಮಲಗಿರಬೇಕೆಂದು ಅರ್ಥವಲ್ಲ. ಅರ್ಧ ಗಂಟೆ ನಿಧಾನವಾದ ನಡಿಗೆ, ಸರಳವಾದ ಆಸನಗಳು, ಮನೆಯ ಹಗುರ ಕೆಲಸಗಳು ರಕ್ತಸಂಚಾರಕ್ಕೆ ಸಹಾಯಕವಾಗುವುವು.

3. ಆರರಿಂದ ಎಂಟು ವಾರಗಳ ಸತತ ಸಾಧನೆಯ ನಂತರ ಒಂದು ವಾರ ಎತ್ತುವ ಭಾರವನ್ನೂ ಆವರ್ತನವನ್ನೂ ಅರ್ಧಕ್ಕೆ ಇಳಿಸಬೇಕು. ಮಾಂಸಖಂಡಗಳಿಗಿಂತ ನಿಧಾನವಾಗಿ ಗಟ್ಟಿಗೊಳ್ಳುವ ಸ್ನಾಯುರಜ್ಜುಗಳಿಗೂ ಕೀಲುಗಳಿಗೂ ಈ ವಾರವು ಬಹು ಪ್ರಯೋಜನಕಾರಿ.

4. ಹೊಲದ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪಟ್ಟಣದ ಗುಮಾಸ್ತನು ದಿನವೆಲ್ಲ ಕುಳಿತು ಸಂಜೆ ವ್ಯಾಯಾಮಶಾಲೆಗೆ ಹೋಗುತ್ತಾನೆ. ರೈತನಾದರೋ ಹಗಲೆಲ್ಲ ಗುದ್ದಲಿ ಹಿಡಿದು, ಗೊಬ್ಬರದ ಮೂಟೆ ಹೊತ್ತು, ಸಂಜೆ ಮತ್ತೆ ಭಾರ ಎತ್ತಲು ಹೋಗುತ್ತಾನೆ. ಗೊಬ್ಬರದ ಮೂಟೆಗೂ ಕಬ್ಬಿಣದ ಗುಂಡಿಗೂ ದೇಹದ ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ. ಬಿತ್ತನೆ, ನಾಟಿ, ಕಬ್ಬು ಕಡಿಯುವಿಕೆ, ಸುಗ್ಗಿಯ ದಿನಗಳಲ್ಲಿ ವ್ಯಾಯಾಮಶಾಲೆಗೆ ಬಿಡುವು ಕೊಡುವುದೇ ಯುಕ್ತ. ಆ ದಿನಗಳಲ್ಲಿ ಹೊಲವೇ ವ್ಯಾಯಾಮಶಾಲೆ.

ಬಿಟ್ಟರೆ ಗಳಿಸಿದ್ದೆಲ್ಲ ಹೋಗುವುದೇ?

ಒಂದು ವಾರ ಬಿಟ್ಟರೆ ಮೈಕಟ್ಟು ಕರಗಿಹೋಗುವುದೆಂಬ ಭಯವೇ ಅನೇಕರನ್ನು ಬಿಡುವಿಲ್ಲದಂತೆ ಓಡಿಸುತ್ತದೆ. ಈ ಭಯಕ್ಕೆ ಆಧಾರವಿಲ್ಲ. ಕ್ರಮವಾಗಿ ಸಾಧನೆ ಮಾಡಿದವನು ಎರಡು ಮೂರು ವಾರ ಭಾರ ಎತ್ತದಿದ್ದರೂ ಅವನ ಬಲದಲ್ಲಿ ಹೇಳಿಕೊಳ್ಳುವಂತಹ ಇಳಿತವಾಗುವುದಿಲ್ಲ. ಓಟಗಾರರ ದಮ್ಮು ಮಾತ್ರ ಸ್ವಲ್ಪ ಬೇಗ, ಸುಮಾರು ಎರಡು ವಾರಗಳಲ್ಲಿ, ಇಳಿಯಲಾರಂಭಿಸುವುದು. ಒಮ್ಮೆ ಗಳಿಸಿದ ಬಲವು ಇಳಿದರೂ ಅದನ್ನು ಮರಳಿ ಪಡೆಯಲು ಮೊದಲ ಬಾರಿ ತಗಲಿದಷ್ಟು ಕಾಲ ಬೇಕಾಗುವುದಿಲ್ಲ. ನೋವನ್ನು ಲೆಕ್ಕಿಸದೆ ಮುಂದುವರಿದು ಭುಜವನ್ನೋ ಸೊಂಟವನ್ನೋ ಕೆಡಿಸಿಕೊಂಡವನು ಮೂರು ತಿಂಗಳು ಮನೆಯಲ್ಲಿ ಕೂರುವುದನ್ನು ವೈದ್ಯರು ಮೇಲಿಂದ ಮೇಲೆ ಕಾಣುತ್ತಾರೆ. ತಾನಾಗಿ ಒಂದು ವಾರದ ಬಿಡುವನ್ನು ಕೊಡದವನಿಂದ ದೇಹವು ತಿಂಗಳುಗಟ್ಟಲೆ ಬಿಡುವನ್ನು ಕಿತ್ತುಕೊಳ್ಳುವುದು.

ದೇಹವು ನೀಡುವ ಮುನ್ಸೂಚನೆಗಳು

ಬಿಡುವು ಬೇಕಾಗಿದೆಯೆಂಬುದನ್ನು ದೇಹವು ಮೊದಲೇ ತಿಳಿಸುತ್ತದೆ. ಬೆಳಗ್ಗೆ ಎಚ್ಚರವಾದೊಡನೆ, ಹಾಸಿಗೆಯಿಂದ ಏಳುವ ಮೊದಲು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳುಗಳನ್ನಿಟ್ಟು ಒಂದು ನಿಮಿಷ ನಾಡಿಯನ್ನು ಎಣಿಸಿರಿ. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿಯು ಸಾಮಾನ್ಯವಾಗಿ ನಿಮಿಷಕ್ಕೆ 60 ರಿಂದ 100 ಬಾರಿ ಬಡಿಯುವುದು. ಸಾಧಕರಲ್ಲಿ ಇನ್ನೂ ಕಡಮೆಯಿರಬಹುದು. ನಿಮ್ಮ ವಾಡಿಕೆಯ ಸಂಖ್ಯೆಗಿಂತ ಅದು ಎರಡು ಮೂರು ದಿನ ಸತತವಾಗಿ 8 ಅಥವಾ 10 ಬಡಿತಗಳಷ್ಟು ಹೆಚ್ಚಾಗಿದ್ದರೆ ದೇಹವು ಚೇತರಿಸಿಕೊಂಡಿಲ್ಲವೆಂದು ತಿಳಿದು ಅಂದಿನ ಕಸರತ್ತನ್ನು ಬಿಡುವುದು ಲೇಸು. ಇದಕ್ಕೆ ಯಾವ ಯಂತ್ರವೂ ಬೇಡ, ಖರ್ಚೂ ಇಲ್ಲ.

ನಿದ್ರೆ ಬಾರದಿರುವುದು, ಹಸಿವು ಇಂಗುವುದು, ಸಣ್ಣ ಮಾತಿಗೂ ಮಡದಿ ಮಕ್ಕಳ ಮೇಲೆ ಸಿಡುಕುವುದು, ಮೇಲಿಂದ ಮೇಲೆ ನೆಗಡಿಯಾಗುವುದು, ಹಿಂದಿನ ವಾರ ಸಲೀಸಾಗಿ ಎತ್ತಿದ ಭಾರವು ಈ ವಾರ ಏಳದಿರುವುದು, ದಾಂಪತ್ಯ ಸುಖದಲ್ಲಿ ಆಸಕ್ತಿ ಕುಂದುವುದು ಇವೂ ಅತಿಶ್ರಮದ ಲಕ್ಷಣಗಳೇ. ಇವುಗಳಲ್ಲಿ ಕೆಲವನ್ನು ಸಾಧಕನಿಗಿಂತ ಮೊದಲು ಅವನ ಪತ್ನಿಯೇ ಗಮನಿಸುತ್ತಾಳೆ. ಆಕೆಯು ಹೇಳಿದರೆ ಆ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳುವುದು ಒಳ್ಳೆಯದು.

ಈ ಕೆಳಗಿನ ಚಿಹ್ನೆಗಳು ಕಂಡುಬಂದರೆ ಮಾತ್ರ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ವಿಪರೀತ ಕಸರತ್ತಿನ ನಂತರ ಮೂತ್ರವು ಕಡು ಚಹಾದ ಬಣ್ಣಕ್ಕೆ ತಿರುಗಿ, ಮಾಂಸಖಂಡಗಳು ಊದಿ, ತಡೆಯಲಾರದ ನೋವು ಬಂದರೆ, ಹರಿದ ಮಾಂಸಖಂಡದ ಅಂಶವು ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತಿರುವ ಸಂಭವವಿದೆ. ಬಹುಕಾಲ ಬಿಟ್ಟಿದ್ದವರು ಒಂದೇ ದಿನ ಹಳೆಯ ಭಾರಕ್ಕೆ ಹಾರಿದಾಗ, ಬಿಸಿಲಿನಲ್ಲಿ ನೀರು ಕುಡಿಯದೆ ಓಡಿದಾಗ ಹೀಗಾಗುವುದುಂಟು. ಎದೆನೋವು, ಕಣ್ಣು ಕತ್ತಲೆ ಬಂದು ಬೀಳುವುದು, ಹೃದಯದ ಬಡಿತ ತಾಳ ತಪ್ಪುವುದು ಇವೂ ಅಷ್ಟೇ ಗಂಭೀರ. ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು, ಇಲ್ಲವೆ 108ಕ್ಕೆ ಕರೆ ಮಾಡಬೇಕು.

ನೋವುನಿವಾರಕ ಗುಳಿಗೆಗಳನ್ನು ನುಂಗಿ ಕಸರತ್ತಿಗೆ ಇಳಿಯುವ ಅಭ್ಯಾಸವು ತೀರ ಕೆಟ್ಟದ್ದು. ಗುಳಿಗೆಯು ನೋವನ್ನು ಮರೆಸುವುದೇ ಹೊರತು ಗಾಯವನ್ನು ಮಾಯಿಸುವುದಿಲ್ಲ. ಬೆವರಿ ನೀರು ಕಡಮೆಯಾದ ದೇಹದಲ್ಲಿ ಇಂತಹ ಗುಳಿಗೆಗಳು ಮೂತ್ರಪಿಂಡಗಳಿಗೂ ಜಠರಕ್ಕೂ ಹಾನಿಯನ್ನುಂಟುಮಾಡುವುವು.

ಕಡ್ಡಾಯವಾಗಿ ಬಿಡುವು ಕೊಡಬೇಕಾದ ಸಂದರ್ಭಗಳು

ಜ್ವರವಿರುವಾಗ: ಬರಿಯ ನೆಗಡಿ, ಸೀನು ಇದ್ದರೆ ಹಗುರವಾದ ನಡಿಗೆಗೆ ಅಡ್ಡಿಯಿಲ್ಲ. ಜ್ವರ, ಮೈಕೈ ನೋವು, ಎದೆಯಲ್ಲಿ ಕಫ, ವಾಂತಿ ಭೇದಿ ಇದ್ದರೆ ಕಸರತ್ತು ಸಲ್ಲದು. ಕೆಲವು ವೈರಾಣು ಜ್ವರಗಳಲ್ಲಿ ಹೃದಯದ ಮಾಂಸಖಂಡಕ್ಕೂ ಉರಿಯೂತ ತಗಲುವುದುಂಟು. ಆ ಸ್ಥಿತಿಯಲ್ಲಿ ಕಠಿಣ ಶ್ರಮ ಮಾಡಿದರೆ ಹಠಾತ್ತಾಗಿ ಪ್ರಾಣಕ್ಕೇ ಅಪಾಯ ಬರಬಹುದು. ಇಂತಹ ಉರಿಯೂತವಾಗಿದೆಯೆಂದು ವೈದ್ಯರು ಹೇಳಿದ್ದರೆ ಸಾಮಾನ್ಯವಾಗಿ 3 ರಿಂದ 6 ತಿಂಗಳ ಬಿಡುವು ಬೇಕಾಗುವುದು. ಡೆಂಗೆಯಲ್ಲಿ ಜ್ವರ ಇಳಿಯುವ ಸಮಯದ ಒಂದೆರಡು ದಿನಗಳೇ ಹೆಚ್ಚು ಅಪಾಯದವು. ಆದುದರಿಂದ ಜ್ವರ ಬಿಟ್ಟಿತೆಂದು ಮರುದಿನವೇ ಹೊರಡಬಾರದು. ಚಿಕುನ್‌ಗುನ್ಯಾದ ಕೀಲುನೋವು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುವುದು. ಅಷ್ಟು ದಿನವೂ ಕೀಲುಗಳ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕು.

ಸಂತಾನ ನಿಯಂತ್ರಣ ಶಸ್ತ್ರಚಿಕಿತ್ಸೆಯ ನಂತರ: ಬೇಕಾದಷ್ಟು ಮಕ್ಕಳಾದ ಮೇಲೆ ಪುರುಷರು ಮಾಡಿಸಿಕೊಳ್ಳುವ ವ್ಯಾಸೆಕ್ಟಮಿಯು ಕೆಲವೇ ನಿಮಿಷಗಳ ಸರಳ ಚಿಕಿತ್ಸೆ. ಇದಾದ ಮೇಲೆ 48 ಗಂಟೆಗಳ ವಿಶ್ರಾಂತಿ ಸಾಕು. ಭಾರ ಎತ್ತುವುದು, ಸೈಕಲ್ ತುಳಿಯುವುದು, ಕುಸ್ತಿ ಮುಂತಾದವುಗಳನ್ನು ಒಂದು ವಾರ ಬಿಡಬೇಕು. ಚಿಕಿತ್ಸೆಯಾದ ದಿನದಿಂದ 3 ತಿಂಗಳು ನಿರೋಧ್ ಬಳಸಿ, ಅನಂತರ ವೀರ್ಯ ಪರೀಕ್ಷೆ ಮಾಡಿಸಿಕೊಂಡು ಖಚಿತಪಡಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸೆಯಾದವನು ಮತ್ತೆ ಗರಡಿಗೆ ಇಳಿಯಲಾರನು, ಅವನ ಬಲ ಕುಂದುವುದು ಎಂಬ ಮಾತು ಸುಳ್ಳು. ಗಂಡಸಿಗೆ ಬಲವನ್ನೂ ಪುರುಷ ಲಕ್ಷಣಗಳನ್ನೂ ನೀಡುವ ಟೆಸ್ಟೋಸ್ಟೆರಾನ್ ರಸವು ವೃಷಣಗಳಲ್ಲಿ ಎಂದಿನಂತೆಯೇ ಉತ್ಪತ್ತಿಯಾಗಿ ರಕ್ತಕ್ಕೆ ಸೇರುತ್ತಿರುವುದು. ಕಟ್ಟಲ್ಪಡುವುದು ವೀರ್ಯಾಣುಗಳು ಸಾಗುವ ನಾಳ ಮಾತ್ರ. ಮಹಿಳೆಯರಿಗೆ ಮಾಡುವ ಟ್ಯೂಬೆಕ್ಟಮಿಯ ನಂತರ 48 ಗಂಟೆಗಳಾದ ಮೇಲೆ ಹಗುರ ಕೆಲಸಗಳನ್ನು ಮಾಡಬಹುದು. ಪೂರ್ಣ ಶ್ರಮದ ಕೆಲಸಕ್ಕೆ ಎರಡು ವಾರ ಕಾಯಬೇಕು. ಇದನ್ನು ಹೋಲಿಸಿ ನೋಡಿದರೆ ಸಂಸಾರದಲ್ಲಿ ಯಾರ ಚಿಕಿತ್ಸೆ ಸುಲಭವೆಂಬುದನ್ನು ದಂಪತಿಗಳೇ ತೀರ್ಮಾನಿಸಬಹುದು.

ಗೃಹಿಣಿಗೂ ಬಿಡುವು ಉಂಟೇ?

ವ್ಯಾಯಾಮ ಮತ್ತು ಬಿಡುವಿನ ಬಗ್ಗೆ ಗ್ರಾಮವೊಂದರಲ್ಲಿ ಮಾತನಾಡುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾಯಿಯೊಬ್ಬರು, “ಎತ್ತಿಗೆ ಸೋಮವಾರ ಕೊಟ್ಟಿದ್ದೀರಿ, ಗಂಡಸರಿಗೆ ಭಾನುವಾರ ಕೊಡುತ್ತಿದ್ದೀರಿ, ನಮಗೆ ಯಾವ ವಾರ?” ಎಂದು ಕೇಳಿದರು. ನೆರೆದವರೆಲ್ಲ ನಕ್ಕರು. ಆದರೆ ಪ್ರಶ್ನೆಯು ನಗತಕ್ಕದ್ದಾಗಿರಲಿಲ್ಲ.

ನಾಟಿ ಹಾಕುವುದು, ಕಳೆ ಕೀಳುವುದು, ಸೌದೆ, ನೀರು, ಮೇವು ಹೊರುವುದು, ರೊಟ್ಟಿ ಬಡಿಯುವುದು ಇವೆಲ್ಲವೂ ದೇಹದ ಲೆಕ್ಕದಲ್ಲಿ ಕಸರತ್ತೇ. ಸವೆತ ಮತ್ತು ದುರಸ್ತಿಯ ನಿಯಮವು ಗಂಡಸಿಗೂ ಹೆಂಗಸಿಗೂ ಒಂದೇ. ಪತಿಯು ವ್ಯಾಯಾಮಶಾಲೆಯಿಂದ ಬಂದು ಕಾಲು ಚಾಚಿ ಮಲಗುವ ಹೊತ್ತಿನಲ್ಲಿ ಪತ್ನಿಯು ಮೂರನೆಯ ಸುತ್ತಿನ ಕೆಲಸಕ್ಕೆ ಏಳುವ ಮನೆಗಳು ನಮ್ಮಲ್ಲಿ ಬಹಳ. ಪತಿಯ ಬಿಡುವಿನ ದಿನವು ಪತ್ನಿಗೂ ಬಿಡುವಿನ ದಿನವಾಗುವಂತೆ ಏರ್ಪಡಿಸಿಕೊಳ್ಳುವುದು ಕಷ್ಟವಲ್ಲ. ಆ ದಿನ ನೀರು ಸೇದುವುದು, ದನಕ್ಕೆ ಮೇವು ಹಾಕುವುದು, ಮಕ್ಕಳಿಗೆ ಸ್ನಾನ ಮಾಡಿಸುವುದು ಪತಿಯ ಪಾಲಿಗೆ ಬರಲಿ. ಹಗುರ ಕೆಲಸವು ಬಿಡುವಿನ ದಿನಕ್ಕೆ ಹಿತಕರವೆಂದು ಮೇಲೆಯೇ ಹೇಳಿದೆ.

ಗರ್ಭಿಣಿಯು, ವೈದ್ಯರು ಬೇಡವೆಂದು ಹೇಳಿರದಿದ್ದರೆ, ದಿನವೂ ನಡೆಯುವುದು ಒಳ್ಳೆಯದು. ಆದರೆ ತುಂಬಿದ ಕೊಡ, ಮೂಟೆ, ಸೌದೆಯ ಹೊರೆಗಳನ್ನು ಹೊರಬಾರದು. ಹಗಲಿನಲ್ಲಿಯೂ ಸ್ವಲ್ಪ ಹೊತ್ತು ಎಡಮಗ್ಗುಲಾಗಿ ಮಲಗಬೇಕು. ಹೆರಿಗೆಯಾದ ಮೇಲೆ ಗರ್ಭಕೋಶವು ತನ್ನ ಮೊದಲಿನ ಗಾತ್ರಕ್ಕೆ ಮರಳಲು ಸುಮಾರು 6 ವಾರಗಳು ಬೇಕು. ಈ ಅವಧಿಯಲ್ಲಿ ಭಾರ ಹೊರುವುದು ಮುಂದೆ ಗರ್ಭಕೋಶ ಜಾರುವ ತೊಂದರೆಗೆ ದಾರಿ ಮಾಡಿಕೊಡಬಹುದು. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾಗಿದ್ದರೆ ಬಿಡುವು ಇನ್ನೂ ದೀರ್ಘವಾಗಿರಬೇಕು, ವೈದ್ಯರ ಪರೀಕ್ಷೆಯಾದ ಮೇಲೆಯೇ ಹೊಲದ ಕೆಲಸ. ಬಾಣಂತನವೆಂದರೆ ಕತ್ತಲ ಕೋಣೆಯಲ್ಲಿ ಅಲುಗಾಡದೆ ಮಲಗಿರುವುದೂ ಅಲ್ಲ. ಎದ್ದು ಓಡಾಡಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು ತಪ್ಪುವುದು.

ಭರ್ತಿಗಾಗಿ ಓಟವನ್ನು ಅಭ್ಯಾಸ ಮಾಡುವ ಯುವತಿಯರು ಒಂದು ವಿಷಯವನ್ನು ನೆನಪಿಡಬೇಕು. ಶ್ರಮವು ಹೆಚ್ಚಾಗಿ ಆಹಾರವು ಸಾಲದೆ ಬಂದಾಗ ಮುಟ್ಟು ಏರುಪೇರಾಗುವುದು ಅಥವಾ ನಿಂತುಹೋಗುವುದು. ಇದು ದೇಹವು ಕೊಡುವ ಎಚ್ಚರಿಕೆ. ನಿರ್ಲಕ್ಷಿಸಿದರೆ ಮೂಳೆಗಳು ಟೊಳ್ಳಾಗುವುವು, ಗರ್ಭಧಾರಣೆಗೂ ಅಡ್ಡಿಯಾಗುವುದು. ವಿವಾಹಿತೆಯರಾದರೆ ಮೊದಲು ಗರ್ಭಧಾರಣೆಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.

ಬಿಡುವಿಗೆ ಬದಲಾಗಿ ಚುಚ್ಚುಮದ್ದು: ಒಂದು ಸಂಸಾರದ ಕಥೆ

ಮದುವೆಯಾಗಿ ಮೂರು ವರ್ಷಗಳಾಗಿದ್ದ ದಂಪತಿಗಳಿಬ್ಬರು ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದರು. ಮಕ್ಕಳಾಗಿರಲಿಲ್ಲ. ಆ ಮೂರು ವರ್ಷಗಳಲ್ಲಿ ಪತ್ನಿಯನ್ನು ಎರಡು ಬಾರಿ ಪಟ್ಟಣದಲ್ಲಿ ಪರೀಕ್ಷೆ ಮಾಡಿಸಲಾಗಿತ್ತು, ಹರಕೆಗಳನ್ನು ಹೊರಿಸಲಾಗಿತ್ತು, ಬಂಧುಗಳ ಮಾತುಗಳನ್ನೂ ಆಕೆ ಕೇಳಿದ್ದಳು. ಆಕೆಯಲ್ಲಿ ಯಾವ ದೋಷವೂ ಕಂಡುಬಂದಿರಲಿಲ್ಲ. ಪತಿಯು ಎತ್ತರದ, ತುಂಬಿದ ಎದೆಯ, ನೋಡಿದವರು ತಿರುಗಿ ನೋಡುವಂತಹ ಯುವಕ. ಅವನಲ್ಲಿ ಕೊರತೆಯಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಅವನ ವೀರ್ಯ ಪರೀಕ್ಷೆಯಲ್ಲಿ ಒಂದು ವೀರ್ಯಾಣುವೂ ಕಾಣಲಿಲ್ಲ.

ಪ್ರತ್ಯೇಕವಾಗಿ ಕೂರಿಸಿ ಕೇಳಿದಾಗ ವಿಷಯವು ಹೊರಬಂದಿತು. ಹೊಲದ ಕೆಲಸ, ದಿನವೂ ಎರಡು ಹೊತ್ತು ಕಸರತ್ತು, ಬಿಡುವೆಂಬುದೇ ಇಲ್ಲ. ಬಲವು ಏರದೆ ನಿಂತಾಗ, ಮೈ ದಣಿದು ಸೋತಾಗ, ಜೊತೆಯವನೊಬ್ಬ “ಸುಸ್ತು ಹೋಗುವ ಚುಚ್ಚುಮದ್ದು” ತಂದುಕೊಟ್ಟಿದ್ದ. ದೇಹಕ್ಕೆ ಬೇಕಾಗಿದ್ದುದು ಕೆಲವು ದಿನಗಳ ವಿಶ್ರಾಂತಿ. ದೊರೆತದ್ದು ಅನಾಬಾಲಿಕ್ ಸ್ಟೀರಾಯ್ಡ್. ಸುಮಾರು ಎರಡು ವರ್ಷ ಅವನು ಅದನ್ನು ಬಳಸಿದ್ದ.

ಇದರ ಪರಿಣಾಮವನ್ನು ಸರಳವಾಗಿ ಹೀಗೆ ತಿಳಿಸಬಹುದು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ವೃಷಣಗಳಿಗೆ ಕೆಲಸ ಮಾಡುವಂತೆ ಆಜ್ಞೆಯನ್ನು ಕಳುಹಿಸುತ್ತಿರುವುದು. ಟೆಸ್ಟೋಸ್ಟೆರಾನ್ ಅಥವಾ ಅದೇ ಜಾತಿಯ ಔಷಧಿಯು ಹೊರಗಿನಿಂದ ಯಥೇಚ್ಛವಾಗಿ ಬಂದರೆ, ರಸವು ಬೇಕಾದಷ್ಟಿದೆಯೆಂದು ತಿಳಿದು ಆ ಗ್ರಂಥಿಯು ತನ್ನ ಆಜ್ಞೆಯನ್ನು ನಿಲ್ಲಿಸುವುದು. ವೃಷಣಗಳು ಕೆಲಸವಿಲ್ಲದೆ ಕುಗ್ಗುವುವು, ವೀರ್ಯಾಣುಗಳ ಉತ್ಪತ್ತಿ ನಿಲ್ಲುವುದು. ಮೈ ನೋಡಲು ಹುರಿಗಟ್ಟಿರುವಾಗಲೇ ಸಂತಾನಶಕ್ತಿಯು ಬತ್ತಿಹೋಗಿರುವುದು. ಇದಲ್ಲದೆ ಕೆಟ್ಟ ಕೊಲೆಸ್ಟರಾಲ್ ಏರುವುದು, ಹೃದಯ ಮತ್ತು ಯಕೃತ್ತಿಗೆ ಹಾನಿ, ಗಂಡಸರಲ್ಲಿ ಸ್ತನ ಬೆಳೆಯುವುದು, ಮುಖ ಬೆನ್ನುಗಳ ಮೇಲೆ ಮೊಡವೆ, ಅತಿಯಾದ ಕೋಪ ಇವೂ ಕಂಡುಬರುವುವು.

ಆ ಯುವಕನು ಚುಚ್ಚುಮದ್ದನ್ನು ನಿಲ್ಲಿಸಿದ. ಮೊದಲ ಕೆಲವು ತಿಂಗಳು ಅವನಿಗೆ ವಿಪರೀತ ಸುಸ್ತು, ಮನಸ್ಸಿಗೆ ಬೇಸರ. ತಜ್ಞರ ಬಳಿಗೆ ಕಳುಹಿಸಿ ಚಿಕಿತ್ಸೆ ಕೊಡಿಸಬೇಕಾಯಿತು. ವೀರ್ಯಾಣುವೊಂದು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕಾದುದರಿಂದ ಫಲಿತಾಂಶವು ಬೇಗ ಕಾಣುವುದಿಲ್ಲ. ಎಂಟನೆಯ ತಿಂಗಳ ಪರೀಕ್ಷೆಯಲ್ಲಿ ಕೆಲವೇ ವೀರ್ಯಾಣುಗಳು ಕಂಡವು, ಹದಿನೈದನೆಯ ತಿಂಗಳಿಗೆ ಸಂಖ್ಯೆ ಸಾಧಾರಣ ಮಟ್ಟಕ್ಕೆ ಬಂದಿತು. ಆ ಬಳಿಕ ಪತ್ನಿಯು ಗರ್ಭಿಣಿಯಾದಳು. ಎಲ್ಲರಲ್ಲಿಯೂ ಹೀಗೆ ಪೂರ್ಣವಾಗಿ ಮರಳಿ ಬರುವುದೆಂಬ ಭರವಸೆಯಿಲ್ಲ. ಆಕೆಯು ಕೇಳಿದ ಮೂರು ವರ್ಷಗಳ ಮಾತುಗಳನ್ನು ಹಿಂತೆಗೆದುಕೊಳ್ಳುವ ಚಿಕಿತ್ಸೆಯಂತೂ ನಮ್ಮಲ್ಲಿ ಇಲ್ಲ.

ಆದುದರಿಂದ ವೈದ್ಯರು ಬರೆದುಕೊಡದ ಯಾವ ಚುಚ್ಚುಮದ್ದನ್ನೂ ಗುಳಿಗೆಯನ್ನೂ ಮೈ ಬೆಳೆಸಲೆಂದು ತೆಗೆದುಕೊಳ್ಳಬೇಡಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಸಂಕೋಚಪಡದೆ ವೈದ್ಯರಲ್ಲಿ ಹೇಳಿರಿ. ಒಂದು ವರ್ಷದ ದಾಂಪತ್ಯದ ನಂತರವೂ ಮಕ್ಕಳಾಗದಿದ್ದರೆ ಪತಿ ಪತ್ನಿಯರಿಬ್ಬರೂ ಒಟ್ಟಿಗೆ ಪರೀಕ್ಷೆಗೆ ಬರಬೇಕು. ಪುರುಷನ ಪರೀಕ್ಷೆಯು ಸುಲಭ, ಅಗ್ಗ, ನೋವಿಲ್ಲದ್ದು.

ಆಹಾರ ಮತ್ತು ನಿದ್ರೆ

ಬಿಡುವಿನ ದಿನ ಕೆಲಸವಿಲ್ಲವೆಂದು ಊಟವನ್ನು ಕಡಮೆ ಮಾಡುವುದು ತಪ್ಪು. ದುರಸ್ತಿಯು ನಡೆಯುವುದು ಅಂದೇ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕು. 60 ಕಿಲೋ ತೂಕದವರಿಗೆ ಇದು ಸುಮಾರು 50 ಗ್ರಾಂ ಆಗುವುದು. ಭಾರ ಎತ್ತುವ ಸಾಧಕರಿಗೆ 70 ರಿಂದ 95 ಗ್ರಾಂ ಸಾಕು. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ, ಅಷ್ಟೇ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಸಸಾರಜನಕವಿದೆ. ಬೇಳೆ, ಅವರೆ, ಅಲಸಂದೆ, ಹಾಲು, ಮೊಸರು, ಮೀನುಗಳಿಂದಲೂ ಇದು ದೊರೆಯುವುದು. ರಾಗಿಯು ಮೂಳೆಗೆ ಬೇಕಾದ ಸುಣ್ಣದ ಅಂಶವನ್ನು ಧಾರಾಳವಾಗಿ ಒದಗಿಸುವುದು. ಮನೆಯ ಹುರುಳಿ ಸಾರನ್ನು ಬಿಟ್ಟು ಸಾವಿರಾರು ರೂಪಾಯಿಗಳ ಡಬ್ಬಿಯ ಪುಡಿಗಳಿಗೆ ಸಾಲ ಮಾಡುವ ಅವಶ್ಯಕತೆ ಇಲ್ಲ. ಈ ಆಹಾರವು ಪತಿಯ ತಟ್ಟೆಗೆ ಮಾತ್ರ ಬಿದ್ದರೆ ಸಾಲದು. ಪತ್ನಿ ಮಕ್ಕಳ ತಟ್ಟೆಗೂ ಸಮನಾಗಿ ಬೀಳಬೇಕು.

ವಯಸ್ಕರಿಗೆ 7 ರಿಂದ 9 ಗಂಟೆಗಳ ನಿದ್ರೆ ಬೇಕು. ನಡುರಾತ್ರಿಯವರೆಗೆ ಮೊಬೈಲ್ ನೋಡಿ ನಸುಕಿನಲ್ಲಿ ಓಟಕ್ಕೆ ಏಳುವವನು ತನ್ನ ಸಾಧನೆಯ ಬುಡವನ್ನೇ ಕಡಿಯುತ್ತಿರುತ್ತಾನೆ. ಬಾವಿ ಮೋಟಾರಿಗಾಗಿ ರಾತ್ರಿ ಎದ್ದು ನೀರು ಕಟ್ಟಿದ ರೈತನು ಮರುದಿನ ಬೆಳಗಿನ ಕಸರತ್ತನ್ನು ಬಿಟ್ಟು ಮಲಗಲಿ. ಬೀಡಿ, ಸಿಗರೇಟು, ಮದ್ಯಗಳು ದೇಹದ ದುರಸ್ತಿಗೆ ಅಡ್ಡಿಯಾಗುವುವು. ಬಿಡುವಿನ ದಿನವೆಂದರೆ ಮದ್ಯದ ದಿನವೆಂಬ ರೂಢಿಯು ಎಷ್ಟು ಮಾತ್ರಕ್ಕೂ ಸಲ್ಲದು.

ಬಿಡುವಿನ ನಂತರ ಪುನಃ ಆರಂಭಿಸುವ ಕ್ರಮ

ಒಂದು ವಾರದ ಬಿಡುವಿನ ನಂತರ ಮೊದಲಿನ ಭಾರಕ್ಕಿಂತ ತುಸು ಕಡಮೆಯಿಂದ ಆರಂಭಿಸಿ ಎರಡು ಮೂರು ದಿನಗಳಲ್ಲಿ ಮೊದಲಿನಂತೆ ಮುಂದುವರಿಯಬಹುದು. ಸುಗ್ಗಿಯೋ ಕಾಯಿಲೆಯೋ ಬಂದು ತಿಂಗಳುಗಟ್ಟಲೆ ಬಿಟ್ಟಿದ್ದರೆ ಮೊದಲ ವಾರ ಹಳೆಯ ಭಾರದ ಅರ್ಧ ಮಾತ್ರ. ಅನಂತರ ವಾರವಾರವೂ ಸ್ವಲ್ಪ ಸ್ವಲ್ಪವಾಗಿ ಏರಿಸತಕ್ಕದ್ದು. ಜೊತೆಯವರು ಹೆಚ್ಚು ಎತ್ತುತ್ತಿದ್ದಾರೆಂಬ ಪಂತಕ್ಕೆ ಬೀಳಬಾರದು. ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯಿರುವವರು, ಮನೆತನದಲ್ಲಿ ಎಳೆಯ ವಯಸ್ಸಿನ ಹೃದಯಾಘಾತದ ಇತಿಹಾಸವಿರುವವರು ಪರೀಕ್ಷೆ ಮಾಡಿಸಿಕೊಂಡೇ ಕಠಿಣ ಕಸರತ್ತಿಗೆ ಇಳಿಯಬೇಕು.

ವ್ಯಾಯಾಮವನ್ನು ಬಿಟ್ಟುಬಿಡಿ ಎಂಬುದು ಈ ಲೇಖನದ ಅಭಿಪ್ರಾಯವಲ್ಲ. ವರ್ಷಾನುಗಟ್ಟಲೆ ಮಾಡಬೇಕೆನ್ನುವವರು ನಡುನಡುವೆ ನಿಲ್ಲುವುದನ್ನು ಕಲಿಯಬೇಕು ಎಂಬುದಷ್ಟೇ ತಾತ್ಪರ್ಯ. ಈ ದಿನ ರಾತ್ರಿ ಊಟವಾದ ಮೇಲೆ ದಂಪತಿಗಳು ಕುಳಿತು ಮಾತನಾಡಿ, ವಾರದಲ್ಲಿ ಒಂದು ದಿನವನ್ನು ಇಬ್ಬರಿಗೂ ಬಿಡುವೆಂದು ಗೊತ್ತುಮಾಡಿಕೊಳ್ಳಿರಿ. ಅದು ಸೋಮವಾರವೇ ಆಗಬೇಕೆಂದಿಲ್ಲ. ಸಂದೇಹಗಳಿದ್ದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿರಿ, ಇಲ್ಲವೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಬ್ಬರೂ ಬನ್ನಿರಿ. ಅಲ್ಲಿನ ಸಲಹೆಗೆ ಶುಲ್ಕವಿಲ್ಲ, ನೀವು ಹೇಳಿಕೊಂಡ ವಿಷಯವನ್ನು ಗೋಪ್ಯವಾಗಿಡಲಾಗುವುದು.